ಗೌತಮಿ ನಿಂತಿದ್ದ ಜಾಗ

ಆ ವರ್ಷ ಔರಾದ ಕಡೆಯ ಊರುಗಳಲ್ಲಿ ದೀಪಾವಳಿಗೆ ಮೊದಲೇ ಮನೆಗಳಿಗೆ ಬೀಗ ಬಿದ್ದವು. ತೊಗರಿ ಮೊಣಕಾಲೆತ್ತರಕ್ಕೆ ಬಂದು ಹಾಗೇ ಒಣಗಿತ್ತು. ಮೂರು ಕೊಡ ನೀರಿಗೆ ಒಂದು ಹಗಲು ಹೋಗುತ್ತಿತ್ತು. ಹೊಲ ಇದ್ದವರು ಹೊಲ ನೋಡುತ್ತ ಕೂತರು. ಇಲ್ಲದವರು ಗಂಟು ಕಟ್ಟಿದರು. ಟಂಟಂ ಆಟೋ ಹತ್ತಿ ಭಾಲ್ಕಿಗೆ ಬಂದು, ಪುಣೆಯ ಗಾಡಿಗೆ ಕಾಯುತ್ತ ಸ್ಟೇಷನ್ ಎದುರು ಕೂಡುತ್ತಿದ್ದರು. ಹಾಸಿಗೆಯ ಸುರುಳಿ, ಜೋಳದ ಹಿಟ್ಟಿನ ಚೀಲ, ರೊಟ್ಟಿಯ ಹಂಚು, ಕಾಲು ಕಟ್ಟಿದ ಒಂದು ಕೋಳಿ, ಅದರ ಪಕ್ಕದಲ್ಲೇ ನಿದ್ದೆ ಹೋದ ಕೂಸು.

ಸ್ಟೇಷನ್ ಎದುರಿನ ಸಾಲಿನಲ್ಲಿ ಖಾಜಾ ಮಿಯಾ ಅವರ ಫೋಟೋ ಸ್ಟುಡಿಯೋ. ದುಡಿಯಲು ಹೋಗುವವರು ಗಾಡಿ ಹತ್ತುವ ಮೊದಲು ಅಲ್ಲಿ ಮನೆಮಂದಿಯೆಲ್ಲ ನಿಂತು ಒಂದು ಫೋಟೋ ತೆಗೆಸುತ್ತಾರೆ. ಖಾಜಾ ಮಿಯಾರ ಅಪ್ಪನ ಕಾಲದಲ್ಲಿ, ಹಿಂದಿನ ದೊಡ್ಡ ಬರದಲ್ಲಿ ಶುರುವಾದ ರೂಢಿ ಅದು. ತೆಗೆಸಿದ ಫೋಟೋವನ್ನು ಅವರು ಒಯ್ಯುವುದಿಲ್ಲ. ತಗಡಿನ ಶೆಡ್ಡಿನಲ್ಲಿ, ಸಿಮೆಂಟಿನ ಧೂಳಿನಲ್ಲಿ ಕಾಗದ ಉಳಿಯುವುದಿಲ್ಲ ಎನ್ನುವುದು ಒಂದು ಕಾರಣ. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಲ್ಲಿ ತಮ್ಮದೊಂದು ಉಳಿದಿದ್ದರೆ, ಅದನ್ನು ಒಯ್ಯಲಿಕ್ಕಾದರೂ ತಿರುಗಿ ಬರಬೇಕಾಗುತ್ತದೆ. ಮಳೆ ಬಿದ್ದ ಮೇಲೆ ಗಾಡಿ ಇಳಿದವರು ಮೊದಲು ಸ್ಟುಡಿಯೋಕ್ಕೆ ಹೋಗುತ್ತಾರೆ. ಆಗ ಖಾಜಾ ಮಿಯಾ ಪ್ರಿಂಟ್ ತೆಗೆದು ಕೊಡುತ್ತಾರೆ. ಅದಕ್ಕೂ ಮೊದಲು ಒಂದನ್ನೂ ತೆಗೆಯುವುದಿಲ್ಲ. ಹೋದವರ ಫೋಟೋ ಅವರಿಗಿಂತ ಮೊದಲು ಕಾಗದಕ್ಕೆ ಬಂದರೆ ಅವರು ಬರುವುದಿಲ್ಲ ಎಂದು ಅಪ್ಪ ಹೇಳಿದ್ದರಂತೆ.

ಇದನ್ನೆಲ್ಲ ನಾನು ನೋಡಿದವಳಲ್ಲ, ಫೋನಿನಲ್ಲಿ ಕೇಳಿ ತಿಳಿದವಳು. ನನ್ನ ಹೆಸರು ಶಾಲುಬಾಯಿ, ಊರು ಕಮಠಾಣ. ಬಿ.ಕಾಂ. ಮುಗಿಸಿ ಬೀದರಿನ ಚಿದ್ರಿಯಲ್ಲಿ ಒಂದು ಆಫೀಸಿಗೆ ಕೆಲಸಕ್ಕೆ ಸೇರಿದ್ದೆ. ಕೆಳಗೆ ಪೈಪು, ನಲ್ಲಿ ಮಾರುವ ಅಂಗಡಿ, ಮೇಲೆ ನಮ್ಮದು. ಬಾಗಿಲ ಮೇಲೆ ‘ಅಭಯ ಕಂಪ್ಯೂಟರ್ ಕಾವಲು ಸೇವೆ’ ಎಂಬ ಬೋರ್ಡು, ಬೋರ್ಡಿನ ಮೇಲೆ ಎತ್ತಿದ ಒಂದು ಹಸ್ತ.

ಕಂಪ್ಯೂಟರಿಗೂ ಕಳ್ಳರು ಬರುತ್ತಾರೆ. ಗೋಡೆಗೆ ಕನ್ನ ಹಾಕುವುದಿಲ್ಲ, ತಂತಿಯೊಳಗಿಂದ ಬರುತ್ತಾರೆ. ದೊಡ್ಡ ಕಂಪನಿಗಳು ಅದಕ್ಕೆಂದೇ ಆಳು ಇಟ್ಟುಕೊಂಡಿರುತ್ತವೆ. ಭಾಲ್ಕಿಯ ದಾಲ್ ಮಿಲ್ಲು, ಔರಾದದ ಬೀಜದ ಅಂಗಡಿ, ಬೀದರಿನ ಔಷಧಿ ಅಂಗಡಿ ಅಂಥವರು ಎಲ್ಲಿಂದ ಇಟ್ಟಾರು? ಅವರೆಲ್ಲರೂ ತಿಂಗಳಿಗಿಷ್ಟು ಕೊಟ್ಟರೆ ಎಲ್ಲರ ಪರವಾಗಿ ನಾವು ಕಾಯುತ್ತೇವೆ. ಯಜಮಾನರಾದ ಬಸವಣ್ಣೆಪ್ಪನವರು ಊರೂರು ತಿರುಗಿ ಹೇಳುತ್ತಿದ್ದ ಮಾತು ಇದು. ಮಾತು ಕೆಟ್ಟದ್ದಲ್ಲ. ಇವತ್ತಿಗೂ ನಾನು ಆ ಮಾತನ್ನು ಕೆಟ್ಟದ್ದು ಎನ್ನುವುದಿಲ್ಲ.

ನಾವು ಎಂಟು ಹುಡುಗಿಯರು. ಒಬ್ಬೊಬ್ಬರ ಪರದೆಯ ಮೇಲೆ ಅರವತ್ತು ಹೆಸರು. ಹೆಸರಿನ ಮುಂದೆ ಒಂದು ಚುಕ್ಕೆ. ಹಸಿರಿದ್ದರೆ ಕ್ಷೇಮ, ಕೆಂಪಾದರೆ ಕಳ್ಳ. ಚುಕ್ಕೆಯ ಪಕ್ಕ ‘ನಕಲು’ ಎಂದೊಂದು ಚೌಕ. ಹಸಿರು ಚುಕ್ಕೆ ಕಂಡರೆ ಅದರ ಚೌಕಕ್ಕೆ ಗುರುತು ಒತ್ತಬೇಕು, ಆ ಅಂಗಡಿಗೆ ಫೋನ್ ಮಾಡಿ ಒಂದು ವಾಕ್ಯ ಹೇಳಬೇಕು: ನಿಮ್ಮ ಕಂಪ್ಯೂಟರಿನಲ್ಲಿರುವುದರ ನಕಲು ನಮ್ಮ ಕಡೆ ಬಂದು ಮುಟ್ಟಿದೆ, ನಿಶ್ಚಿಂತೆಯಿಂದಿರಿ. ದಿನಾ ಅರವತ್ತು ಸಲ.

“ಧ್ವನಿ ಮೆತ್ತಗಿರ್ಲಿ,” ಎಂದು ಬಸವಣ್ಣೆಪ್ಪನವರು ಮೊದಲ ದಿನವೇ ಕಲಿಸಿದ್ದರು. “ಅವರಿಗಿ ಕಂಪ್ಯೂಟರ್ ತಿಳಿಯಂಗಿಲ್ಲ. ಧ್ವನಿ ತಿಳೀತದ.”

ನನ್ನ ಪಕ್ಕದ ಮೇಜಿನ ಮಹಮೂದಾ ಬೇಗಂ ಆ ವಾಕ್ಯವನ್ನು ಉಸಿರು ಬಿಡದೆ ಹೇಳಿ ಮುಗಿಸುತ್ತಿದ್ದಳು. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ನೌಕರಿ ಬಿಟ್ಟು ಬೇರೆ ಯೋಚನೆ ಅವಳಿಗಿರಲಿಲ್ಲ. ನಾನು ಮಾತ್ರ ಪ್ರತಿಸಲ ನಂಬಿಕೊಂಡೇ ಹೇಳುತ್ತಿದ್ದೆ. ಅದಕ್ಕೆ ಕಾರಣ ನನ್ನ ಅಜ್ಜಿ ಕಾಂತಾಬಾಯಿ. ಅವಳ ಕಥೆಯಲ್ಲಿ ಒಬ್ಬ ರಾಜಕುಮಾರ ಇದ್ದ. ಅವನ ಜೀವ ಅವನ ಮೈಯಲ್ಲಿರಲಿಲ್ಲ. ಏಳು ಕೆರೆಯಾಚೆ ಒಂದು ಬಾವಿ, ಬಾವಿಯಲ್ಲಿ ಮೀನು, ಮೀನಿನ ಹೊಟ್ಟೆಯಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಜೀವ. ಮೈ ಕಡಿದರೂ ಅವನು ಸಾಯುತ್ತಿರಲಿಲ್ಲ. ನಕಲು ಎಂದರೆ ಅಂಥದ್ದೇ ಎಂದುಕೊಂಡಿದ್ದೆ. ಎಲ್ಲೋ ದೂರದಲ್ಲಿ ತಂಪಾದ ಒಂದು ಕೋಣೆ, ಅದರಲ್ಲಿ ಬೆಳ್ಳಿಯ ಕರಡಿಗೆಗಳು ಸಾಲಾಗಿ ಕೂತಿವೆ. ಚೌಕಕ್ಕೆ ಗುರುತು ಒತ್ತುವಾಗ ಕರಡಿಗೆಯ ಮುಚ್ಚಳ ಮುಚ್ಚಿದ ಸದ್ದು ಕೇಳಿಸಿದಂತಾಗುತ್ತಿತ್ತು.

ನನ್ನ ಅರವತ್ತರಲ್ಲಿ ನಲವತ್ತೊಂದನೆಯ ಹೆಸರು ಖಾಜಾ ಮಿಯಾರದು. ಬೇರೆಯವರು ಹೂಂ ಎಂದು ಇಟ್ಟುಬಿಡುತ್ತಿದ್ದರು. ಅವರು ಇಡುತ್ತಿರಲಿಲ್ಲ. ನಾನು ಚಾಚಾ ಎನ್ನುತ್ತಿದ್ದೆ, ಅವರು ಬೇಟಿ ಎನ್ನುತ್ತಿದ್ದರು. ಈ ದಿನ ಎಷ್ಟು ಮನೆಯವರು ಗಾಡಿ ಹತ್ತಿದರು, ಯಾವ ಊರಿನವರು, ಯಾರು ನಗಲಿಲ್ಲ, ಯಾರು ಕೋಳಿಯನ್ನೂ ಫೋಟೋದಲ್ಲಿ ಸೇರಿಸು ಎಂದು ಹಟ ಹಿಡಿದರು, ಎಲ್ಲ ಹೇಳುತ್ತಿದ್ದರು. ಒಂದು ಮುಂಜಾನೆ ಅವರ ಮಾತಿನ ನಡುವೆ ಒಂದು ಕೂಸಿನ ದನಿ ಕೇಳಿಸಿತು.

ಔರಾದ ತಾಲೂಕಿನ ಮಾಣಿಕ ಮತ್ತು ಕೌಸಲ್ಯಾಬಾಯಿ ಎಂಬ ಗಂಡಹೆಂಡತಿ, ಅವರ ಆರು ವರ್ಷದ ಮಗಳು ಗೌತಮಿ. ಮುಂದಿನ ಹಲ್ಲು ಬಿದ್ದಿದ್ದಕ್ಕೆ ಅವಳು ಬಾಯಿಗೆ ಕೈ ಮುಚ್ಚಿಕೊಂಡು ನಿಂತಿದ್ದಳಂತೆ. ಕೈ ತೆಗೆ ಎಂದರೆ ತಲೆ ಅಲ್ಲಾಡಿಸುವಳು. ಗಾಡಿಯ ಹೊತ್ತಾಗುತ್ತಿತ್ತು. ಆಗ ಖಾಜಾ ಚಾಚಾ ಫೋನನ್ನು ಮೇಜಿನ ಮೇಲಿಟ್ಟು, ತಮ್ಮ ಹಲ್ಲಿನ ಸೆಟ್ಟನ್ನು ಕೈಗೆ ತೆಗೆದುಕೊಂಡು ತೋರಿಸಿದರಂತೆ. ನನಗೆ ಕೇಳಿಸಿದ್ದು ಒಂದು ನಗು ಮಾತ್ರ. ಆಮೇಲೆ ಕ್ಯಾಮೆರಾದ ಸದ್ದು.

“ಬಂತು ಬೇಟಿ,” ಎಂದರು ಚಾಚಾ ಫೋನಿಗೆ ಮರಳಿ. “ಇಂಥ ನಗು ನಲವತ್ತು ವರ್ಷದಾಗ ಬಂದಿಲ್ಲ. ಬರ್ತಾರಲ್ಲ, ಆವಾಗ ದೊಡ್ಡದು ಮಾಡಿ ಕೊಡ್ತೇನಿ.”

ಅದಾಗಿ ಒಂದು ವಾರಕ್ಕೆ ಅವರು ನನ್ನನ್ನು ಒಂದು ಮಾತು ಕೇಳಿದರು. ತಿಂಗಳಿಗೊಮ್ಮೆ ಅವರು ಎಲ್ಲ ಫೋಟೋಗಳನ್ನು ಸೀಡಿಗೆ ಹಾಕಿ, ಹೆಂಡತಿ ಅಕ್ತರಬೀಯ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಡುತ್ತಿದ್ದರು. ವರ್ಷಾನುಗಟ್ಟಲೆಯ ಅಭ್ಯಾಸ. ಈಗ ಕಣ್ಣು ಮಂಜು, ಸೀಡಿ ಸಿಗುವುದೂ ಕಷ್ಟ, ಅಕ್ತರಬೀ ಪೆಟ್ಟಿಗೆ ತುಂಬಿತು ಎಂದು ಗೊಣಗುತ್ತಾಳೆ. ನಿಮ್ಮ ಕಡೆ ದಿನಾ ನಕಲು ಬರುತ್ತಿದೆಯಲ್ಲ, ಇದನ್ನು ಬಿಡಲೇ ಎಂದು ಕೇಳಿದರು.

“ಬಿಡ್ರಿ ಚಾಚಾ,” ಎಂದೆ. “ನಮ್ಮ ಕಡಿ ಅದ ಅಲಾ. ಇನ್ನ ಪೆಟಗಿ ಯಾಕ?”

ನಾನು ಹೇಳಿದ ಮಾತು ಇಷ್ಟೇ. ಯಾರೂ ಹೇಳು ಎಂದಿರಲಿಲ್ಲ. ಕಾಗದದಲ್ಲಿ ಬರೆದುಕೊಟ್ಟ ವಾಕ್ಯವೂ ಅಲ್ಲ. ನನ್ನದೇ ಮಾತು.

ಏಪ್ರಿಲಿನ ಒಂದು ಶುಕ್ರವಾರ. ಹನ್ನೆರಡೂವರೆಗೆ ನಲವತ್ತೊಂದನೆಯ ಹೆಸರಿನ ಚುಕ್ಕೆ ಕೆಂಪಾಯಿತು.

ಎದ್ದು ಹೋಗಿ ಬಸವಣ್ಣೆಪ್ಪನವರಿಗೆ ಹೇಳಿದೆ. ಅವರ ಕೋಣೆಯಲ್ಲಿ ಗದ್ದಲವಿತ್ತು. ದೊಡ್ಡ ಗಿರಾಕಿಯೊಬ್ಬರ ಕಂಪ್ಯೂಟರುಗಳೂ ಅದೇ ಹೊತ್ತಿಗೆ ಕೆಂಪಾಗಿದ್ದವು. ಆಫೀಸಿನಲ್ಲಿ ಕಂಪ್ಯೂಟರ್ ತಿಳಿದಿದ್ದ ಇಬ್ಬರೂ ಅದರ ಮುಂದೆಯೇ ಕೂತಿದ್ದರು. ಫೋಟೋ ಅಂಗಡಿ ಕಾಯಲಿ ಎಂದರು ಯಜಮಾನರು. ಚಾಚಾನಿಗೆ ಫೋನ್ ಮಾಡಿ ಕಂಪ್ಯೂಟರಿನ ವೈರು ಕೀಳಲು ಹೇಳಲೇ ಎಂದು ಕೇಳಿದೆ. ಬೇಡ ಎಂದರು. ಕೆಂಪು ಬಿತ್ತು ಎಂದು ಸಣ್ಣ ಗಿರಾಕಿಗೆ ಗೊತ್ತಾದರೆ ಮರುದಿನ ಭಾಲ್ಕಿಯ ಬಜಾರಿಗೆಲ್ಲ ಗೊತ್ತಾಗುತ್ತದೆ. ತಾವು ಹೇಳುವತನಕ ಯಾರೂ ಫೋನ್ ಮಾಡಬಾರದು. ಹಾಗೆಂದು ನಿಯಮವೇ ಇತ್ತು.

ಮೇಜಿಗೆ ಬಂದು ಕೂತೆ. ಚಾಚಾ ಈಗ ಜುಮ್ಮಾ ನಮಾಜಿಗೆ ಹೋಗಿರುತ್ತಾರೆ, ಅಂಗಡಿಯ ಬಾಗಿಲು ಅರ್ಧ ಎಳೆದಿರುತ್ತದೆ, ಒಳಗೆ ಕಂಪ್ಯೂಟರ್ ಒಂದೇ ಉರಿಯುತ್ತಿರುತ್ತದೆ ಎಂದು ನನಗೆ ಗೊತ್ತಿತ್ತು. ಪಕ್ಕದ ಹೋಟೆಲಿನವರ ನಂಬರನ್ನು ಒಮ್ಮೆ ಚಾಚಾನೇ ಕೊಟ್ಟಿದ್ದರು. ಅದನ್ನು ಒತ್ತಿದೆ. ಒಂದು ಸಲ ರಿಂಗಾಯಿತು. ಬಸವಣ್ಣೆಪ್ಪನವರು ಬಾಗಿಲಿಗೆ ಬಂದರು. ಇಟ್ಟುಬಿಟ್ಟೆ.

ಮಹಮೂದಾ ನನ್ನ ಕೈ ನೋಡಿದಳು.

ಮೂರು ಗಂಟೆಗೆ ಖಾಜಾ ಚಾಚಾನ ಫೋನ್ ಬಂತು. ಒಂದು ಫೋಟೋವೂ ತೆರೆಯುತ್ತಿಲ್ಲ ಬೇಟಿ, ಎಲ್ಲದರ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದಿದೆ ಎಂದರು. ಅಕ್ಷರ ಒಂದೊಂದಾಗಿ ಓದಿ ಹೇಳಿದರು. ನಿಮ್ಮದಕ್ಕೆಲ್ಲ ಬೀಗ ಹಾಕಿದ್ದೇವೆ, ಇಂಥಲ್ಲಿಗೆ ಇಷ್ಟು ಹಣ ಕಳಿಸಿದರೆ ಕೀಲಿಕೈ ಕೊಡುತ್ತೇವೆ ಎಂದು ಅದರ ಅರ್ಥ. ಅರ್ಥ ತಿಳಿದ ಮೇಲೂ ಅವರು ಗಾಬರಿಯಾಗಲಿಲ್ಲ.

“ಇರ್ಲಿ ಬೇಟಿ. ನಿಮ್ಮ ಕಡಿ ನಕಲು ಅದ ಅಲಾ,” ಎಂದರು. “ಅದನ್ನ ಕಳಸ್ರಿ.”

ನಾನೂ ಗಾಬರಿಯಾಗಿರಲಿಲ್ಲ. ಏಳು ಕೆರೆಯಾಚೆ ಕರಡಿಗೆ ಇತ್ತಲ್ಲ. ಎದ್ದು ಹೋಗಿ, ನಲವತ್ತೊಂದರ ನಕಲು ತೆಗೆದುಕೊಡಿ ಎಂದು ಕೇಳಿದೆ. ಬಸವಣ್ಣೆಪ್ಪನವರು ಪರದೆಯಿಂದ ತಲೆ ಎತ್ತಿದರು.

“ಯಾವ ನಕಲು?”

ದಿನಾ ಬರುವ ನಕಲು ಎಂದೆ. ಚೌಕಕ್ಕೆ ಗುರುತು ಒತ್ತುತ್ತೇವಲ್ಲ, ಅದು ಎಂದೆ.

ಆಗ ಹೇಳಿದರು. ನಕಲು ಇಡುವುದು ದೊಡ್ಡ ಗಿರಾಕಿಗಳದ್ದು ಮಾತ್ರ. ಸಣ್ಣವರದ್ದೆಲ್ಲ ಇಡುತ್ತ ಕೂತರೆ ಆಫೀಸು ನಡೆಯುವುದಿಲ್ಲ. ಆ ಚೌಕ, ಗಿರಾಕಿಯ ಕಂಪ್ಯೂಟರ್ ಚಾಲೂ ಇದೆ ಎಂಬುದಕ್ಕೆ ಗುರುತು, ಅಷ್ಟೇ. ಕರಾರು ಪತ್ರದ ಒಂಬತ್ತನೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಖಾಜಾ ಮಿಯಾ ಅದರ ಕೆಳಗೆ ಉರ್ದುವಿನಲ್ಲಿ ಸಹಿ ಮಾಡಿದ್ದಾರೆ.

ಹಾಗಾದರೆ ನಕಲು ಮುಟ್ಟಿದೆ ಎಂದು ದಿನಾ ಯಾಕೆ ಹೇಳಿಸಿದಿರಿ ಎಂದು ಕೇಳಿದೆ.

“ಧೈರ್ಯ ಹೇಳೂದು ನಮ್ಮ ಧಂದೆ,” ಎಂದರು. “ನೀ ಧೈರ್ಯ ಹೇಳಿದಿ. ಪೆಟಗಿ ಮುಚ್ಚು ಅಂತ ನಾ ಹೇಳಿದ್ನೇನು?”

ನಮ್ಮ ಫೋನಿನ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿಡುತ್ತಿದ್ದರು. ಆ ಮಾತನ್ನು ಅವರು ಹುಡುಕಿ ತೆಗೆದು ನನಗೇ ಕೇಳಿಸಿದರು. ಬಿಡ್ರಿ ಚಾಚಾ, ನಮ್ಮ ಕಡಿ ಅದ ಅಲಾ. ನನ್ನದೇ ಧ್ವನಿ, ಮೆತ್ತಗಿತ್ತು. ಗಿರಾಕಿಗೆ ತಪ್ಪು ಮಾಹಿತಿ ಕೊಟ್ಟದ್ದು ನಾನೇ, ಆಫೀಸಿಗೆ ಸಂಬಂಧವಿಲ್ಲ ಎಂದು ಒಂದು ಕಾಗದ ಟೈಪ್ ಮಾಡಿಸಿ ತಂದರು. ಸಹಿ ಮಾಡಿದರೆ ಪೊಲೀಸರಿಗೆ ಹೋಗುವುದಿಲ್ಲ ಎಂದರು. ಸಹಿ ಮಾಡಿದೆ. ಮರುದಿನದಿಂದ ಬರಬೇಡ ಎಂದರು.

ಖಾಜಾ ಚಾಚಾನಿಗೆ ಆ ದಿನ ಫೋನ್ ಮಾಡಿದವಳು ಮಹಮೂದಾ. ಬೇರೊಂದು ವಾಕ್ಯವನ್ನು ಅವಳಿಗೆ ಬರೆದುಕೊಟ್ಟಿದ್ದರು. ನೀವು ಕಂಪ್ಯೂಟರಿನಲ್ಲಿ ಅಪರಿಚಿತರ ಯಾವುದೋ ಪತ್ರ ತೆರೆದಿರಬೇಕು, ತಪ್ಪು ನಿಮ್ಮದೇ ಎಂದು. ಅದನ್ನು ಓದುವಾಗ ಅವಳಿಗೆ ಎರಡು ಸಲ ಉಸಿರು ತಪ್ಪಿತು.

ಹಳೆಯ ವರ್ಷಗಳ ಫೋಟೋಗಳಿಗೆ ಏನೂ ಆಗಿರಲಿಲ್ಲ. ಅವೆಲ್ಲ ಅಕ್ತರಬೀಯ ಪೆಟ್ಟಿಗೆಯಲ್ಲಿದ್ದವು. ಹೋದದ್ದು ಆ ಒಂದು ಚಳಿಗಾಲದ್ದು ಮಾತ್ರ. ನಾನು ಬಿಡ್ರಿ ಎಂದ ಮೇಲಿನದ್ದು, ಅದಕ್ಕೆ ಮೊದಲು ಇನ್ನೂ ಸೀಡಿಗೆ ಹೋಗದೆ ಉಳಿದದ್ದು. ಬರಕ್ಕೆ ಊರು ಬಿಟ್ಟ ಅಷ್ಟೂ ಜನರದ್ದು.

ಮನೆಯಲ್ಲಿ ಕೂತೆ. ಒಂದೂವರೆ ತಿಂಗಳು ಅಜ್ಜಿ ಏನೂ ಕೇಳಲಿಲ್ಲ. ಜೂನಿನಲ್ಲಿ ಮಿರುಗದ ನಕ್ಷತ್ರ ಕೂಡಿ ಮೊದಲ ಮಳೆ ಬಿದ್ದ ದಿನ ಅವಳೇ ನನ್ನ ಪಕ್ಕ ಬಂದು ಕೂತಳು. ಎಲ್ಲ ಹೇಳಿದೆ. ಕರಡಿಗೆಯದ್ದನ್ನೂ ಹೇಳಿದೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ.

“ಆ ಕಥಿದಾಗ ಮೀನ ಕಾಯ್ಲಾಕ ಒಬ್ಬಾಕಿ ಇದ್ದಳು, ನಿನಗ ಹೇಳೂದು ಮರ್ತೀನಿ,” ಎಂದಳು. “ದಿನಾ ಬಾವ್ಯಾಗ ಬಗ್ಗಿ ನೋಡ್ತಿದ್ಲು. ನೀ ಒಮ್ಮಿ ಆದ್ರೂ ಬಗ್ಗಿ ನೋಡಿದೇನು?”

ಇಲ್ಲ ಎಂದೆ.

“ಮಂದಿ ತಿರಗಿ ಬರ್ಲಾಕತ್ತಾರ. ಆ ಮುದುಕ ಒಬ್ಬನೇ ಅವರ ಮುಂದ ಹ್ಯಾಂಗ ನಿಲ್ಲಬೇಕು? ಹೋಗು.”

ಭಾಲ್ಕಿಗೆ ಹೋದೆ. ಆರು ತಿಂಗಳು ದಿನಾ ಮಾತಾಡಿದವರನ್ನು ಅವತ್ತೇ ಮೊದಲ ಸಲ ನೋಡಿದ್ದು. ನಾನು ಎಣಿಸಿದ್ದಕ್ಕಿಂತ ಸಣ್ಣ ಆಳು. ನನ್ನ ಧ್ವನಿ ಕೇಳಿದ ಕೂಡಲೇ ಗುರುತು ಹಿಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅಕ್ತರಬೀಯನ್ನು ಕರೆದು, ಅಭಯದ ಬೇಟಿ ಬಂದಾಳ, ಚಹಾ ಇಡು ಎಂದರು. ಅದು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು.

ಆ ವಾರವೆಲ್ಲ ನಾನು ದಿನಾ ಹೋಗಿ ಅವರ ಪಕ್ಕ ಕೂತೆ. ಗಾಡಿ ಇಳಿದವರು ಗಂಟು ಹೊತ್ತುಕೊಂಡೇ ಬರುತ್ತಿದ್ದರು. ಪ್ರತಿಯೊಬ್ಬರಿಗೂ ಚಾಚಾ ಎದ್ದು ನಿಂತು ಹೇಳುತ್ತಿದ್ದರು. ಫೋಟೋ ಹೋಯಿತು, ನನ್ನ ತಪ್ಪು, ಮಾಫ್ ಮಾಡಿ, ಈಗ ಹೊಸದು ತೆಗೆದುಕೊಡುತ್ತೇನೆ. ಹೆಚ್ಚಿನವರು ಸುಮ್ಮನೆ ಒಪ್ಪಿಕೊಂಡರು. ಎಲ್ಲರೂ ಸುರಕ್ಷಿತವಾಗಿ ಬಂದ ಮನೆಗಳಿಗೆ ಫೋಟೋ ದೊಡ್ಡ ಮಾತಲ್ಲ. ಹೊಸದಕ್ಕೆ ನಿಂತು ಹೋದರು. ಆದರೆ ಎಲ್ಲ ಮನೆಯವರೂ ಪೂರಾ ಬಂದಿರಲಿಲ್ಲ.

ಕೌಸಲ್ಯಾಬಾಯಿ ಬಂದದ್ದು ಗುರುವಾರ ಬೆಳಿಗ್ಗೆ. ಜೊತೆಗೆ ಮಾಣಿಕ. ಅವನು ಹೊಸ್ತಿಲಿನ ಹೊರಗೇ ನಿಂತ. ಮೂವರು ಹೋಗಿ ಇಬ್ಬರು ಬಂದಿದ್ದಾರೆ ಎಂದು ನನಗಿಂತ ಮೊದಲು ಚಾಚಾನಿಗೆ ಕಂಡಿತು. ಎದ್ದು ನಿಂತವರು ಕುರ್ಚಿಯ ಬೆನ್ನು ಹಿಡಿದುಕೊಂಡರು.

ಪುಣೆಯಲ್ಲಿ ಹತ್ತಂತಸ್ತಿನ ಕಟ್ಟಡದ ಕೆಲಸ. ನೆಲದೊಳಗೆ ನೀರಿನ ದೊಡ್ಡ ಟಾಕಿ ಕಟ್ಟಿದ್ದರು. ಮುಚ್ಚಳ ಕೂಡಿಸಿರಲಿಲ್ಲ. ಫೆಬ್ರವರಿಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಗೌತಮಿ ಅದರಲ್ಲಿ ಬಿದ್ದಳು. ಕಟ್ಟಡದ ಯಜಮಾನರು, ಕೂಸುಗಳನ್ನು ತರಲು ನಾವು ಹೇಳಿರಲಿಲ್ಲ ಎಂದರಂತೆ. ಅಲ್ಲೇ ಮಣ್ಣು ಮಾಡಿದ್ದಾರೆ. ಇದಿಷ್ಟನ್ನು ಮಾಣಿಕ ಹೊರಗಿನಿಂದಲೇ, ಬೀದಿಯ ಕಡೆ ನೋಡುತ್ತ ಹೇಳಿದ.

“ನೀರಿಲ್ಲ ಅಂತ ಹೋದ್ವಿರಿ,” ಎಂದಳು ಕೌಸಲ್ಯಾಬಾಯಿ. “ನೀರಾಗೇ ಹೋದಳು.”

ಅವಳ ಹತ್ತಿರ ಇದ್ದದ್ದು ಗುಂಡಿಯ ಸಣ್ಣ ಫೋನು. ಅದರಲ್ಲಿ ಫೋಟೋ ಬರುವುದಿಲ್ಲ. ಗೌತಮಿಯನ್ನು ಇನ್ನೂ ಶಾಲೆಗೆ ಹಾಕಿರಲಿಲ್ಲ, ಯಾವ ಕಾರ್ಡೂ ಮಾಡಿಸಿರಲಿಲ್ಲ. ಈ ಭೂಮಿಯ ಮೇಲೆ ಆ ಕೂಸಿನ ಫೋಟೋ ಎಂದು ಇದ್ದದ್ದು ಒಂದೇ. ನಾಲ್ಕು ತಿಂಗಳು ಇದೊಂದನ್ನೇ ನೆನೆಸಿಕೊಂಡು ಕೆಲಸ ಮುಗಿಸಿದೆವು ಎಂದಳು. ಆಮೇಲೆ ಸಣ್ಣ ದನಿಯಲ್ಲಿ ಒಂದು ಮಾತು ಹೇಳಿದಳು.

“ಚಾಚಾ, ಮುಖ ಮರಿಲಾಕತ್ತದ. ಕಣ್ಣ ಮುಚ್ಚಿದ್ರ ಮದಲ ಬರ್ತಿತ್ತು. ಈಗ ಹಲ್ಲ ಬರ್ತದ, ಕೂದಲಾ ಬರ್ತದ. ಮುಖ ಬರವಲ್ದು. ಲಗೂನ ತೆಗದು ಕೊಡ್ರಿ.”

ಉಳಿದವರಿಗೆ ಹೇಳಿದ ಮಾತು ಚಾಚಾನ ಬಾಯಿಗೆ ಬರಲಿಲ್ಲ. ನಾನು ಎದ್ದೆ.

ನಾನೇ ಹೇಳಿದೆ. ಪೆಟ್ಟಿಗೆಯಲ್ಲಿ ಇಡುತ್ತಿದ್ದರು, ಬಿಡಿರಿ ಎಂದವಳು ನಾನು. ಕಳ್ಳ ಹೊಕ್ಕದ್ದು ಕಂಡಿತ್ತು, ಫೋನ್ ಮಾಡದೆ ಕೂತವಳು ನಾನು. ನಕಲು ಇದೆ ಎಂದು ದಿನಾ ಹೇಳಿದೆ, ಇರಲಿಲ್ಲ. ಎಲ್ಲ ಹೇಳಿದೆ. ಕೊನೆಯಲ್ಲಿ ಏನು ಸೇರಿಸಬೇಕೆಂದು ತಿಳಿಯದೆ, ಆ ದಿನ ಫೋನಿನಲ್ಲಿ ಅವಳ ನಗು ಕೇಳಿದ್ದೆ ಎಂದೆ.

ಅವಳು ನನ್ನನ್ನು ಹೊಡೆಯಬಹುದಿತ್ತು. ಹತ್ತಿರ ಬಂದಳು. ಸಿಮೆಂಟಿಗೆ ಸುಟ್ಟ ಕೈಯಿಂದ ನನ್ನ ಮೊಣಕೈ ಹಿಡಿದಳು.

“ಕೇಳಿದ್ದಿಯಲಾ, ಹ್ಯಾಂಗ ನಗ್ತಿದ್ಲು ಹೇಳು.”

ಹೇಳಲು ನೋಡಿದೆ. ಮೊದಲು ತಡೆದು, ಆಮೇಲೆ ಒಮ್ಮೆಲೇ, ಎಂದು ಶುರು ಮಾಡಿದೆ. ಮುಂದೆ ಬರಲಿಲ್ಲ. ನಗು ಹೀಗಿತ್ತು ಎಂದು ಮಾತಿನಲ್ಲಿ ಹೇಳಲು ಬರುವುದಿಲ್ಲ. ಅವಳು ಕೈ ಬಿಟ್ಟಳು.

ಮಾಣಿಕ ಹೋಗೋಣ ನಡಿ ಎಂದ. ಅವಳು ಹೋಗಲಿಲ್ಲ. ಒಳಗೆ ನೀಲಿ ಪರದೆಯ ಮುಂದೆ ಹೋಗಿ ನಿಂತಳು. ಗಂಡನನ್ನು ಕರೆದು ಅವತ್ತು ನಿಂತಿದ್ದ ಕಡೆಯೇ ನಿಲ್ಲಿಸಿದಳು. ನಡುವೆ ಒಂದು ಕೂಸು ನಿಲ್ಲುವಷ್ಟು ಜಾಗ ಬಿಟ್ಟಳು. ಆ ಜಾಗದಲ್ಲಿ, ತನ್ನ ಸೊಂಟದ ಎತ್ತರಕ್ಕೆ, ಗಾಳಿಯ ಮೇಲೆ ಅಂಗೈ ಇಟ್ಟಳು. ಎಷ್ಟು ಎತ್ತರ ಎಂದು ಆ ಕೈಗೆ ಗೊತ್ತಿತ್ತು.

“ತೆಗೀರಿ ಚಾಚಾ.”

ಚಾಚಾ ಕ್ಯಾಮೆರಾ ಮುಟ್ಟಲಿಲ್ಲ. ಖಾಲಿ ಜಾಗದ ಫೋಟೋ ತನ್ನ ಕೈಯಿಂದ ಆಗುವುದಿಲ್ಲ ಎಂದರು.

“ಅಕಿ ಇದ್ದಳು ಅನ್ನೂದಕ್ಕ ಒಂದು ಗುರ್ತ ಬೇಕ್ರಿ,” ಎಂದಳು. “ಮುಖ ಹೋಯ್ತು. ನಿಂತಿದ್ದ ಜಾಗ ಆದ್ರೂ ಇರ್ಲಿ.”

ತೆಗೆದರು. ತೆಗೆದವರು ಅವತ್ತೇ, ಅಲ್ಲೇ ಪ್ರಿಂಟ್ ಹಾಕಿದರು. ಇನ್ನು ಯಾರನ್ನು ಕಾಯುವುದಿದೆ ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ಆ ಫೋಟೋ ಒದ್ದೆ ಇರುವಾಗಲೇ ಬೆಂಚಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು ಎದ್ದು ಬಂದಳು. ಕಬ್ಬು ಕಡಿಯಲು ಹೋದ ಅವಳ ಮಗ ಟ್ರ್ಯಾಕ್ಟರಿನಿಂದ ಬಿದ್ದು ತೀರಿಕೊಂಡಿದ್ದ. ನನ್ನ ಬಲಕ್ಕೆ ನಿಂತಿದ್ದ, ಅಲ್ಲಿ ಜಾಗ ಬಿಟ್ಟು ತೆಗಿ ಎಂದಳು. ಆಮೇಲೆ ಇನ್ನೊಂದು ಮನೆಯವರು ಬಂದರು. ಸುದ್ದಿ ಸ್ಟೇಷನ್ನಿನಿಂದ ಊರುಗಳಿಗೆ ಹೋಯಿತು. ಹೊಸ ಫೋಟೋ ಒಯ್ದವರಲ್ಲೂ ಕೆಲವರು ತಿರುಗಿ ಬಂದರು. ಒಬ್ಬಾಕೆಯ ಗಂಡ ಪುಣೆಯಲ್ಲೇ ಇನ್ನೊಬ್ಬಳ ಜೊತೆ ಉಳಿದುಬಿಟ್ಟಿದ್ದ. ಅವನ ಜಾಗ ಬಿಡಲೇ ಎಂದು ಚಾಚಾ ಕೇಳಿದರೆ, “ಬ್ಯಾಡ್ರಿ, ಅಲ್ಲಿ ಕೋಳಿ ನಿಲ್ಲಸ್ರಿ,” ಎಂದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ನಗುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡಳು.

ಭಾನುವಾರದ ಹೊತ್ತಿಗೆ ಅಂಥ ಹದಿನೇಳು ಫೋಟೋ ಆದವು. ಇವನ್ನು ಎಲ್ಲಿ ತೋರಿಸಬೇಕು ಎಂದು ಕೌಸಲ್ಯಾಬಾಯಿ ನನ್ನನ್ನು ಕೇಳಿದಳು. ಚಿದ್ರಿಯ ಆಫೀಸಿನಲ್ಲಿ ಎಂದೆ.

ಸೋಮವಾರ ಹತ್ತು ಗಂಟೆಗೆ, ಆ ಫೋಟೋಗಳ ಮನೆಯವರೆಲ್ಲ ಕೂಡಿ, ಚಿದ್ರಿಯಲ್ಲಿ ಬಸ್ಸಿಳಿದೆವು. ಖಾಜಾ ಚಾಚಾ ತೊಳೆದ ಶೇರವಾನಿ ತೊಟ್ಟಿದ್ದರು. ಪೈಪಿನ ಅಂಗಡಿಯವರು ನಮ್ಮನ್ನು ನೋಡಿ ಪಕ್ಕಕ್ಕೆ ಸರಿದರು. ಮೆಟ್ಟಿಲು ಇಕ್ಕಟ್ಟು, ಒಬ್ಬರ ಹಿಂದೆ ಒಬ್ಬರು ಹತ್ತಿದೆವು. ಒಳಗೆ ಎಂಟು ಮೇಜು, ಎಂಟು ಹುಡುಗಿಯರು, ಅದೇ ವಾಕ್ಯ. ನನ್ನ ಕುರ್ಚಿಯಲ್ಲಿ ಹೊಸಬಳಿದ್ದಳು.

ಬಸವಣ್ಣೆಪ್ಪನವರು ಕೋಣೆಯಿಂದ ಹೊರಬಂದರು. ಇಷ್ಟು ಜನರನ್ನು ನೋಡಿ ಮೊದಲು ನಕ್ಕು, ಕೂಡ್ರಿ ಕೂಡ್ರಿ ಎಂದರು. ಕೂಡಲು ಕುರ್ಚಿಗಳಿರಲಿಲ್ಲ. ಕೌಸಲ್ಯಾಬಾಯಿ ಫೋಟೋವನ್ನು ಅವರ ಕೈಗೆ ಕೊಟ್ಟಳು. ಅವರು ಅದನ್ನು ಒಮ್ಮೆ ನೋಡಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು.

“ಇದರಾಗೇನದ? ಇಲ್ಲಿ ಏನೂ ಇಲ್ಲಲ್ಲ.”

“ಅದನ್ನೇ ಕೇಳ್ಲಾಕ ಬಂದೇವ್ರಿ,” ಎಂದಳು.

ಅವರು ಒಳಗೆ ಹೋಗಿ ಎರಡು ಕಾಗದ ತಂದರು. ಒಂದು ಕರಾರಿನ ಒಂಬತ್ತನೆಯ ಪುಟ. ಇನ್ನೊಂದು ನಾನು ಸಹಿ ಮಾಡಿದ್ದು. ತಪ್ಪು ಮಾಡಿದವಳು ನಿಮ್ಮ ಜೊತೆಗೇ ನಿಂತಿದ್ದಾಳೆ, ಅವಳನ್ನು ಕೇಳಿ ಎಂದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಸಹಿ ನಂದೇ ಎಂದೆ. ಇದನ್ನು ಭಾಲ್ಕಿಯಲ್ಲೇ ಇವರಿಗೆ ಹೇಳಿದ್ದೇನೆ, ನೀವು ಹೇಳಬೇಕಾದದ್ದು ಬೇರೆ ಇದೆ ಎಂದೆ. ಈ ಎಂಟು ಮೇಜಿನ ನಾಲ್ಕು ನೂರಾ ಎಂಬತ್ತು ಅಂಗಡಿಯವರ ನಕಲು ಇದೆಯೋ ಇಲ್ಲವೋ, ಅದನ್ನು ಇವರ ಮುಂದೆ ಹೇಳಿ ಎಂದೆ.

ಹೇಳಲಿಲ್ಲ. ಪೊಲೀಸರನ್ನು ಕರೆಸುತ್ತೇನೆ ಎಂದರು. ಫೋಟೋವನ್ನು ಹತ್ತಿರದ ಮೇಜಿನ ಮೇಲೆ ಹಾಕಿ ಒಳಗೆ ನಡೆದರು.

ಅದು ಮಹಮೂದಾಳ ಮೇಜು. ಅವಳ ಕಿವಿಯಲ್ಲಿ ಫೋನಿತ್ತು. ಆ ಕಡೆ ದಾಲ್ ಮಿಲ್ಲಿನ ಅಬ್ದುಲ ಅಜೀಜ ಅವರು ಹಲೋ, ಹಲೋ ಎನ್ನುತ್ತಿದ್ದುದು ನಿಂತ ನಮಗೂ ಕೇಳಿಸುತ್ತಿತ್ತು. ಅವಳು ಫೋಟೋ ನೋಡುತ್ತಿದ್ದಳು. ಗಾಳಿಯ ಮೇಲೆ ಇಟ್ಟ ಆ ಕೈಯನ್ನು ನೋಡುತ್ತಿದ್ದಳು. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ ಎಂದು ಮೊದಲೇ ಹೇಳಿದ್ದೇನೆ.

“ಸಾಹೇಬ್ರ,” ಎಂದಳು ಮೆತ್ತಗೆ. “ನಿಮ್ಮ ನಕಲು ನಮ್ಮ ಕಡಿ ಇಲ್ರಿ. ಎಂದೂ ಇರ್ಲಿಲ್ಲ. ಇವತ್ತೇ ನೀವ ಒಂದು ತೆಗದು ಮನ್ಯಾಗ ಇಟ್ಕೋರಿ.”

ಇಟ್ಟು, ಮುಂದಿನ ಹೆಸರನ್ನು ಒತ್ತಿದಳು. ಅದೇ ಮಾತು ಹೇಳಿದಳು. ಮೂರನೆಯದಕ್ಕೆ ಬಸವಣ್ಣೆಪ್ಪನವರು ಹೊರಗೆ ಬಂದು ಅವಳ ಫೋನಿನ ತಂತಿ ಕಿತ್ತರು. ಅಷ್ಟರಲ್ಲಿ ಗೋಡೆಯ ಕಡೆಯ ಹುಡುಗಿ ಶುರು ಮಾಡಿದ್ದಳು. ಅವರು ಅಲ್ಲಿಗೆ ಹೋದರೆ ಕಿಟಕಿಯ ಕಡೆಯವಳು. ನನ್ನ ಕುರ್ಚಿಯ ಹೊಸಬಳು ತನ್ನ ನಲವತ್ತೆರಡನೆಯ ಹೆಸರಿಗೆ ಫೋನ್ ಮಾಡಿದಳು. ಇಲ್ರಿ, ನಿಮ್ಮದು ನಮ್ಮ ಕಡಿ ಇಲ್ರಿ. ಆ ಕೋಣೆಯಲ್ಲಿ ನಾನು ಕೇಳಿದ ಮೊದಲ ನಿಜದ ಮಾತು ಅದು. ಅದನ್ನೂ ಅವರು ಮೆತ್ತಗಿನ ಧ್ವನಿಯಲ್ಲೇ ಹೇಳುತ್ತಿದ್ದರು, ಬೇರೆ ಧ್ವನಿ ಅವರಿಗೆ ಕಲಿಸಿರಲಿಲ್ಲ.

ಕೆಳಗೆ ಬೀದಿಯಲ್ಲಿ ಪೊಲೀಸ್ ಜೀಪು ನಿಂತ ಸದ್ದಾಯಿತು. ಖಾಜಾ ಚಾಚಾ ಶೇರವಾನಿಯ ಗುಂಡಿ ಹಾಕಿಕೊಂಡು ಬಾಗಿಲಿಗೆ ಹೋಗಿ ನಿಂತರು. ಮಾಣಿಕ ಅವರ ಪಕ್ಕಕ್ಕೆ ಹೋದ. ಉಳಿದವರೂ ಹೋದರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋಟೋ.

ಕೌಸಲ್ಯಾಬಾಯಿ ಅವರ ಜೊತೆ ಹೋಗಲಿಲ್ಲ. ಮಹಮೂದಾಳ ಮೇಜಿನಿಂದ ತನ್ನ ಫೋಟೋ ತೆಗೆದುಕೊಂಡು, ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಬಸವಣ್ಣೆಪ್ಪನವರ ಬೆರಳಿನ ಗುರುತು ಅದರ ಮೇಲೆ ಬಿದ್ದಿತ್ತು, ಸರಿಯಾಗಿ ನಡುವಿನ ಜಾಗದಲ್ಲಿ. ಅವಳು ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡಳು. ಊಟ ಮಾಡಿ ಬಂದ ಕೂಸಿನ ಮುಖ ಒರೆಸುವ ಹಾಗೆ, ಆ ಜಾಗವನ್ನು ಒರೆಸತೊಡಗಿದಳು.